ಹಿಟ್ಟಿನ ಗಿರಣಿಗೆ ಪ್ರವೇಶವಿಲ್ಲ

ನನಗೆ ಸಿಟ್ಟು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಅದರಿಂದಲೇ ಹುಟ್ಟಿದ್ದು. ಇಪ್ಪತ್ತು ವರ್ಷಕ್ಕೂ ಮೇಲಾಯಿತು ಕಾಲೇಜಿನಲ್ಲಿ ಭೂಗೋಳ ಕಲಿಸಲು ಶುರುಮಾಡಿ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಯಾರನ್ನಾದರೂ ಕೇಳಿ, ಮೊದಲು ನನ್ನ ಬೈಗುಳ ನೆನೆಸಿಕೊಂಡು ನಗುತ್ತಾರೆ, ಆಮೇಲೆ ಪಾಠ ನೆನೆಸಿಕೊಳ್ಳುತ್ತಾರೆ. ಗಂಟೆ ಹೊಡೆದ ಮೇಲೆ ಬಂದವರನ್ನು ನಾನು ಒಳಗೆ ಬಿಟ್ಟವಳಲ್ಲ. ಬಾಗಿಲು ಹಾಕಿ, ಅಗಳಿ ಏರಿಸಿ, ಆಮೇಲೆ ಸೀಮೆಸುಣ್ಣ ಹಿಡಿಯುವುದು ನನ್ನ ರೂಢಿ.

ಆ ವರ್ಷ ಮೇಲಿನಿಂದ ಒಂದು ಆದೇಶ ಬಂತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕು ಊರಿನ ನಾಲ್ಕು ಕಾಲೇಜುಗಳಿಗೆ ಭೂಗೋಳ ಕಲಿಸಲು ಉಳಿದಿದ್ದವಳು ನಾನೊಬ್ಬಳೇ. ಒಬ್ಬರು ನಿವೃತ್ತರಾಗಿದ್ದರು, ಒಬ್ಬರು ವರ್ಗ ಮಾಡಿಸಿಕೊಂಡು ಹೋಗಿದ್ದರು, ಇನ್ನೊಬ್ಬರ ಜಾಗಕ್ಕೆ ಯಾರೂ ಬಂದೇ ಇರಲಿಲ್ಲ. ಹೊಸಬರನ್ನು ನೇಮಿಸುವ ಬದಲು, ಡಿಗ್ರಿಯ ಕೊನೆಯ ಸೆಮಿಸ್ಟರಿನ ಮಕ್ಕಳಿಗೆ ನಾಲ್ಕೂ ಕಡೆ ನಾನೊಬ್ಬಳೇ ಆನ್‌ಲೈನಿನಲ್ಲಿ ಪಾಠ ಮಾಡಬೇಕೆಂದು ಬರೆದು ಕೈತೊಳೆದುಕೊಂಡರು. ಆದೇಶದ ಕೊನೆಗೆ ‘ಪರಿಣಾಮಕಾರಿಯಾಗಿ’ ಎಂಬ ಮಾತು ಬೇರೆ. ಓದಿ ನನಗೆ ಮೈಯೆಲ್ಲ ಉರಿಯಿತು.

ಆದರೂ ಒಂದು ಮಾತು ಒಪ್ಪಿಕೊಳ್ಳಬೇಕು. ಬೈದುಕೊಳ್ಳುತ್ತಲೇ ನಾನು ಆ ಕೋರ್ಸನ್ನು ಬಹಳ ಪ್ರೀತಿಯಿಂದ ಕಟ್ಟಿದೆ. ಇಷ್ಟು ವರ್ಷ ಪುಸ್ತಕದಲ್ಲಿದ್ದ ದೂರದೇಶದ ಪರ್ವತ, ಮರುಭೂಮಿ ಹೇಳಿ ಹೇಳಿ ಸಾಕಾಗಿತ್ತು. ನಾಲ್ಕು ತಾಲ್ಲೂಕಿನ ಮಕ್ಕಳು ಒಂದೇ ಕಡೆ ಸಿಗುತ್ತಾರೆಂದರೆ ನಾಲ್ಕು ಬಗೆಯ ನೆಲ ಒಂದೇ ಕಡೆ ಸಿಕ್ಕಂತೆ. ಗಂಗಾವತಿ ಕಡೆಯ ಕಾಲುವೆಯ ಗದ್ದೆ, ಕುಷ್ಟಗಿಯ ಕಲ್ಲಿನ ಕ್ವಾರಿ, ಯಲಬುರ್ಗಾದ ಕಪ್ಪು ಎರೆ ಹೊಲ, ಕೊಪ್ಪಳದ ಬೋಳು ಗುಡ್ಡ. ಮರಳಿ ಎಂಬ ಹಳ್ಳಿಯ ಹುಡುಗ ನೀರು ನಿಂತ ಗದ್ದೆಯ ಬಗ್ಗೆ ಹೇಳಲಿ, ಕುಕನೂರಿನ ಹುಡುಗಿ ಬಿರುಕುಬಿಟ್ಟ ಎರೆಯ ಬಗ್ಗೆ ಹೇಳಲಿ, ಇಬ್ಬರೂ ಜಗಳಾಡಲಿ ಎಂದು ಯೋಚಿಸಿ ಹನ್ನೆರಡು ವಾರದ ಪಾಠ ಬರೆದಿಟ್ಟೆ. ಮೊದಲ ದಿನವೇ ಮನೆಗೆಲಸ ಕೊಟ್ಟೆ: ನಿಮ್ಮ ಸುತ್ತಿನ ಹಳ್ಳಿಗಳ ಮಣ್ಣು ಕೂಡಿಹಾಕಿ, ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಬರೆಯಿರಿ, ಸೆಮಿಸ್ಟರ್ ಮುಗಿಯುವುದರೊಳಗೆ ತನ್ನಿ ಎಂದೆ.

ಇದಕ್ಕೆ ಮುಂಚೆ ನಮಗೊಂದು ತರಬೇತಿ ಆಗಿತ್ತು. ಕಂಪ್ಯೂಟರಿನ ಪರದೆಯೊಳಗಿಂದ ಒಬ್ಬ ತಜ್ಞ ಎರಡು ದಿನ ಮಾತಾಡಿದ. ಮಕ್ಕಳು ಕ್ಯಾಮೆರಾ ಹಾಕಿಕೊಂಡು, ಗದ್ದಲವಿಲ್ಲದ ಕೋಣೆಯಲ್ಲಿ, ಮೇಜಿನ ಮುಂದೆ ಕೂರಬೇಕಂತೆ. ನಮ್ಮ ಮಕ್ಕಳಲ್ಲಿ ಎಷ್ಟು ಜನರಿಗೆ ಸ್ವಂತ ಫೋನಿದೆ ಎಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಊಟ ಯಾವಾಗ ಎಂದು ಗಡಿಯಾರ ನೋಡುತ್ತ ಕೂತಿದ್ದೆ.

ಮೊದಲ ವಾರ ಹೆಸರು ಕೂಗಿ ಹಾಜರಿ ಹಾಕಿದೆ, ಪಾಠ ಚೆನ್ನಾಗಿಯೇ ನಡೆಯಿತು. ವಾರದ ಕೊನೆಗೆ ಯಾರೋ ಪುಂಡರು ಕ್ಲಾಸಿನ ಲಿಂಕನ್ನು ಊರಿಗೆಲ್ಲ ಹಂಚಿಬಿಟ್ಟರು. ‘ಹುಲಿ’ ಅಂತ ಒಬ್ಬ, ‘ಕಿಂಗ್’ ಅಂತ ಒಬ್ಬ, ‘ಡ್ರೈವರ್ ಗ್ಯಾಂಗ್’ ಅಂತ ಇನ್ನೊಬ್ಬ. ಮಣ್ಣಿನ ಪದರ ವಿವರಿಸುತ್ತಿದ್ದರೆ ನಡುವೆ ಸಿನಿಮಾ ಹಾಡು ಹಚ್ಚುತ್ತಿದ್ದರು. ಒಬ್ಬನಂತೂ ಹೆಣ್ಣುಮಕ್ಕಳು ಕೇಳಬಾರದ ಮಾತು ಆಡಿದ. ನನ್ನ ಪಿತ್ತ ನೆತ್ತಿಗೇರಿತು. ತಜ್ಞ ಹೇಳಿಕೊಟ್ಟಿದ್ದ ಒಂದು ಉಪಾಯ ನೆನಪಾಯಿತು. ಬಂದವರೆಲ್ಲ ಮೊದಲು ಬಾಗಿಲ ಹೊರಗೆ ನಿಲ್ಲುತ್ತಾರೆ. ಅವರ ಹೆಸರು ನನಗೆ ಕಾಣುತ್ತದೆ. ನಾನು ಒಪ್ಪಿ ಗುಂಡಿ ಒತ್ತಿದರೆ ಮಾತ್ರ ಒಳಗೆ. ಇದು ನನಗೆ ಹೇಳಿ ಮಾಡಿಸಿದ ಉಪಾಯ. ಅಗಳಿ ಮತ್ತೆ ನನ್ನ ಕೈಗೆ ಬಂದಿತ್ತು.

ಹಾಜರಿ ಪುಸ್ತಕದಲ್ಲಿದ್ದ ಹೆಸರು ಕಂಡರಷ್ಟೇ ಒಳಗೆ ಬಿಡುತ್ತೇನೆಂದು ಎಲ್ಲರಿಗೂ ಸಂದೇಶ ಕಳಿಸಿದೆ. ಎರಡು ದಿನದಲ್ಲಿ ಹುಲಿಯೂ ಹೋಯಿತು, ಕಿಂಗೂ ಹೋದ, ಡ್ರೈವರ್ ಗ್ಯಾಂಗೂ ಹೋಯಿತು. ಒಂದು ಮಾತ್ರ ಹೋಗಲಿಲ್ಲ: ‘ಹಿಟ್ಟಿನ ಗಿರಣಿ’.

ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ, ಬೇರೆ ಮಕ್ಕಳಿಗಿಂತ ಮುಂಚೆ, ಹಿಟ್ಟಿನ ಗಿರಣಿ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಅದರ ಪಕ್ಕದಲ್ಲಿ ಒಂದು ಸಣ್ಣ ಚಿತ್ರ, ನೀಲಿ ಬಣ್ಣದ ತಗಡಿನ ಬಾಗಿಲು. ನನ್ನನ್ನು ಅಣಕಿಸಲೆಂದೇ ಯಾವನೋ ಈ ವೇಷ ಹಾಕಿದ್ದಾನೆಂದು ನನಗೆ ಖಾತ್ರಿಯಾಗಿತ್ತು. ಮೊದಲು ಎರಡು ದಿನ ಹೊರಗಟ್ಟಿದೆ. ಮರುದಿನ ಮತ್ತೆ ಬಂತು. ಆಮೇಲೆ ಹೊರಗಟ್ಟುವುದನ್ನೂ ಬಿಟ್ಟೆ. ನಿಂತೇ ಇರಲಿ, ಕಾಲು ನೋಯಲಿ ಎಂದು ಸುಮ್ಮನಾದೆ. ಒಂದು ಗಂಟೆಯ ಪಾಠ ಮುಗಿಯುವವರೆಗೂ ಅದು ಅಲ್ಲೇ ನಿಂತಿರುತ್ತಿತ್ತು. ಒಮ್ಮೆ ನನ್ನ ಫೋನಿಗೆ ಕರೆ ಬಂತು. ಪರದೆಯ ಮೇಲೆ ಅದೇ ಹೆಸರು! ಎತ್ತಿದವಳೇ, ಆ ಕಡೆಯವರು ಬಾಯಿ ತೆರೆಯುವ ಮೊದಲೇ, ‘ಪೊಲೀಸರಿಗೆ ಹಿಡಿದು ಕೊಡ್ತೀನಿ, ಹುಷಾರ್’ ಎಂದು ಕೂಗಿ ಇಟ್ಟುಬಿಟ್ಟೆ. ಮತ್ತೆ ಕರೆ ಬರಲಿಲ್ಲ. ಬಾಗಿಲಿಗೆ ಬರುವುದು ಮಾತ್ರ ನಿಲ್ಲಲಿಲ್ಲ.

ದೂರು ಕೊಡುವ ವಿಚಾರ ನಿಜವಾಗಿಯೂ ಇತ್ತು. ಅದಕ್ಕೆಂದೇ ಮೇಜಿನ ಮೇಲಿನ ಡೈರಿಯಲ್ಲಿ ದಿನಾ ಬರೆದಿಡುತ್ತಿದ್ದೆ. ತಾರೀಖು, ವೇಳೆ, ‘ಗಿರಣಿ ಬಂತು’. ಸಿಟ್ಟು ಹೆಚ್ಚಾದ ದಿನ ಇನ್ನಷ್ಟು: ‘ಇವತ್ತೂ ಬಂದ ತಲೆಹರಟೆ’, ‘ಇವನಿಗೆ ಬೇರೆ ಕೆಲಸವಿಲ್ಲ’, ‘ನಾಚಿಕೆಗೆಟ್ಟವನು’. ಕೆಲವದರ ಕೆಳಗೆ ಕೆಂಪು ಗೆರೆ ಎಳೆದಿದ್ದೆ.

ಸೆಮಿಸ್ಟರಿನ ಮುಕ್ಕಾಲು ಭಾಗ ಕಳೆದ ಮೇಲೆ ಹಾಜರಿ ಕೊರತೆಯವರ ಪಟ್ಟಿ ಅಂಟಿಸಿದೆವು. ಪಟ್ಟಿಯಲ್ಲಿ ಹೆಸರಿದ್ದರೆ ಪರೀಕ್ಷೆಗೆ ಹಾಲ್ ಟಿಕೆಟ್ ಇಲ್ಲ, ಒಂದು ವರ್ಷ ಹೋದಂತೆ. ನನ್ನ ಪಾಠದ ಮಟ್ಟಿಗೆ ಇದ್ದವರು ಮೂವರು. ಇಬ್ಬರು ಹುಡುಗರು ಕಾಲೇಜನ್ನೇ ಬಿಟ್ಟವರು. ಮೂರನೆಯವಳು ಅಳವಂಡಿಯ ಒಬ್ಬ ವಿದ್ಯಾರ್ಥಿನಿ, ಮೊದಲ ವಾರ ಬಂದು ಆಮೇಲೆ ಮುಖ ತೋರಿಸದವಳು. ಎರಡನೆಯ ಸಲ ಓದದೆ ಸಹಿ ಹಾಕಿದೆ.

ಎರಡು ದಿನ ಬಿಟ್ಟು ಸ್ಟಾಫ್ ರೂಮಿನ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಐವತ್ತರ ಮೇಲಿನ ವಯಸ್ಸು, ಗಟ್ಟಿಮುಟ್ಟಾದ ಮೈ. ಹುಬ್ಬಿನ ಕೂದಲಿನಲ್ಲಿ, ಕಿವಿಯ ಹಿಂದೆ, ಸೀರೆಯ ನೆರಿಗೆಯಲ್ಲಿ ಬಿಳಿ ಹಿಟ್ಟು ಕೂತಿತ್ತು. ಅವಳ ಹಿಂದೆ ತಲೆಯ ಮೇಲೆ ಸೆರಗು ಹೊದ್ದ, ಇಪ್ಪತ್ತೈದರ ಆಸುಪಾಸಿನ ಇನ್ನೊಬ್ಬಳು, ಕೈಯಲ್ಲೊಂದು ಚೀಲ.

“ಭೂಗೋಳದ ಅಕ್ಕಾರು ಯಾರ್ರಿ ಇಲ್ಲೆ?” ಎಂದಳು ಹಿರಿಯಳು. ನಮ್ಮ ಕಡೆ ಪಾಠ ಹೇಳುವ ಹೆಣ್ಣುಮಕ್ಕಳನ್ನು ಹಾಗೆಯೇ ಕರೆಯುವುದು.

“ನಾನರಿ. ಏನಾಗ್ಬೇಕಿತ್ತು?”

“ಈಕಿ ನನ್ನ ಸೊಸಿ. ಈಕಿ ಹೆಸರು ಆ ಪಟ್ಟ್ಯಾಗ ಯಾಕ ಹಾಕೀರಿ? ದಿನಾ ಹತ್ತಕ್ಕ ಕೂತು ಹನ್ನೊಂದಕ್ಕ ಏಳ್ತಾಳ. ನನ್ನ ಕಣ್ಣ ಮುಂದ.”

ಅವಳ ದನಿ ನನ್ನ ದನಿಗಿಂತ ದೊಡ್ಡದಾಗಿತ್ತು. ಉಳಿದ ಮೇಷ್ಟ್ರುಗಳೆಲ್ಲ ಪೇಪರಿನಿಂದ ತಲೆಯೆತ್ತಿದರು. ನನಗೆ ರೇಗಿತು. ಆಗ ನಾನು ಆಡಿದ ಮಾತನ್ನು ಇವತ್ತು ಬರೆಯುವುದಕ್ಕೂ ನಾಚಿಕೆಯಾಗುತ್ತದೆ.

“ಕೂತಿರಬಹುದು. ನನ್ನ ಕ್ಲಾಸಿನಾಗ ಕೂತಿಲ್ಲ. ಮೊದಲ್ನೇ ವಾರ ಬಿಟ್ರ ಒಂದು ದಿನಾನೂ ಬಂದಿಲ್ಲ. ಒಂದು ತಾಸು ಫೋನ್ ಹಿಡಕೊಂಡು ಏನ್ ನೋಡ್ತಾಳೋ, ಅದನ್ನ ನಿಮ್ಮ ಸೊಸಿನ್ನ ಕೇಳ್ರಿ.”

 ಅತ್ತೆ ಸೊಸೆಯ ಕಡೆ ತಿರುಗಿದಳು. ಆ ತಿರುಗುವಿಕೆಯಲ್ಲಿ ಅನುಮಾನವಿರಲಿಲ್ಲ, ಅವಸರವಿತ್ತು, ಬೇಗ ಉತ್ತರ ಕೊಟ್ಟು ಇವಳ ಬಾಯಿ ಮುಚ್ಚಿಸು ಎನ್ನುವಂತೆ.

“ಹೇಳವಾ. ಏನ್ ನೋಡ್ತಿದ್ದಿ, ಹೇಳು.”

 ಸೊಸೆ ನೆಲ ನೋಡುತ್ತ, “ಕಾಯ್ರಿ ಅಂತ ಬರ್ತಿತ್ರಿ ಅತ್ತಿ. ಅದನ್ನ ನೋಡ್ಕೋಂತ ಕೂತಿರ್ತಿದ್ನಿ” ಎಂದಳು.

ಚೀಲದಿಂದ ಫೋನ್ ತೆಗೆದು ನನ್ನ ಮುಂದೆ ಹಿಡಿದಳು. ಪರದೆಯಲ್ಲಿ ಅವಳ ಹೆಸರಿರಬೇಕಾಗಿದ್ದ ಜಾಗದಲ್ಲಿ ಬೇರೆ ಹೆಸರಿತ್ತು: ಹಿಟ್ಟಿನ ಗಿರಣಿ. ಪಕ್ಕದಲ್ಲಿ ನೀಲಿ ತಗಡಿನ ಬಾಗಿಲು.

ಫೋನ್ ಅತ್ತೆಯದು, ಅಂದರೆ ಗಿರಣಿಯದು. ಕರೆಂಟ್ ಬಂತೇ, ಜೋಳ ತರಲೇ ಎಂದು ಸುತ್ತಲಿನ ಹಳ್ಳಿಯವರು ಕೇಳುವುದು ಆ ನಂಬರಿಗೆ. ಗೋಡೆಯ ಮೇಲೂ ಅದೇ ನಂಬರ್ ಬರೆಸಿದ್ದಾರೆ. ಫೋನಿನೊಳಗೆ ಗಿರಣಿಯ ಹೆಸರು ಹಾಕಿಸಿದ ದಿನ ಅತ್ತೆ ಮೊಬೈಲ್ ಅಂಗಡಿಯವನಿಗೆ ಚಹಾ ಕುಡಿಸಿದ್ದಳಂತೆ. ಕ್ಲಾಸಿಗೆ ಹೆಸರು ಬದಲಿಸಬೇಕಾಗಬಹುದು ಎಂದು ಸೊಸೆ ಒಮ್ಮೆ ಮೆಲ್ಲಗೆ ಹೇಳಿದ್ದಕ್ಕೆ, ‘ಬೋರ್ಡು ಕಿತ್ತರ ಮಂದಿ ಹೆಂಗ್ ಬರ್ತಾರ’ ಎಂದು ಗದರಿಸಿದ್ದಳು. ಗಿರಣಿಯ ಹೆಸರನ್ನು ಹಾಗೇ ಬಿಟ್ಟು ಕ್ಲಾಸಿಗಷ್ಟೇ ಬೇರೆ ಹೆಸರು ಕೊಡಬಹುದೆಂದು ಇಬ್ಬರಿಗೂ ಗೊತ್ತಿರಲಿಲ್ಲ. ನಾನು ಹೇಳಿಕೊಟ್ಟಿರಲಿಲ್ಲ. ನನ್ನ ಸಂದೇಶಗಳೆಲ್ಲ ಹೋಗಿದ್ದು ಕಾಲೇಜಿನಲ್ಲಿ ಬರೆಸಿದ್ದ ಗಂಡನ ನಂಬರಿಗೆ. ಮೊದಲ ದಿನದ ಲಿಂಕನ್ನೇನೋ ಅವನು ಗಿರಣಿಯ ಫೋನಿಗೆ ದಾಟಿಸಿದ್ದ; ಆಮೇಲೆ ಭತ್ತ ಕೊಯ್ಯುವ ಮಷಿನ್ನಿನ ಜೊತೆ ಊರೂರು ತಿರುಗುತ್ತಿದ್ದ. ಭೂಗೋಳದ ಮೇಡಂ ಕಳಿಸಿದ ಸಂದೇಶ ಅವನೇಕೆ ನೋಡಿಯಾನು?

“ಒಂದು ಸಲ ಫೋನ್ ಹಚ್ಚಿದ್ನಿರಿ” ಎಂದಳು ಸೊಸೆ. “ಪೊಲೀಸರಿಗೆ ಕೊಡ್ತೀನಿ ಅಂದ್ರಿ. ಹೆದರಿಕಿ ಆತ್ರಿ.”

“ಮತ್ತ ಅತ್ತಿಗಾದ್ರೂ ಹೇಳ್ಬಾರದೇನು? ಒಳಗ ಬಿಡವಲ್ರು ಅಂತ?” ನನ್ನ ದನಿ ಇನ್ನೂ ಜೋರಾಗಿಯೇ ಇತ್ತು. ಇಳಿಸುವುದು ಹೇಗೆಂದು ಗೊತ್ತಾಗಲಿಲ್ಲ.

ಅವಳು ಅತ್ತೆಯ ಕಡೆ ನೋಡಿದಳು. “ಹೆಂಗ್ ಹೇಳ್ಲಿರಿ. ಅವ್ರು ಗಿರಣಿ ಬಂದ್ ಮಾಡಿರ್ತಿದ್ರು.”

ಆಗ ಅತ್ತೆ ಮಾತಾಡಿದಳು. ಈಗ ಅವಳ ದನಿ ಇಳಿದಿತ್ತು. ಅದು ಇಳಿದದ್ದಕ್ಕೇ ನನಗೆ ಹೆಚ್ಚು ಭಯವಾಯಿತು.

“ನಮ್ಮೂರಾಗ ಗಿರಣಿ ನಡಿಯೂವಂಥ ಕರೆಂಟ್ ಬರೋದ ಹತ್ತಕ್ಕ, ಅಕ್ಕಾರ. ಎರಡು ತಾಸು ಇದ್ರ ಭಾಳ ಆತು. ಅದರಾಗ ಒಂದು ತಾಸು ನಾ ಗಿರಣಿ ನಿಲ್ಲಿಸೀನಿ, ದಿನಾ. ಮನ್ಯಾಗ ಫೋನಿಗೆ ನೆಟ್‌ವರ್ಕ್ ಹಿಡಿಯಂಗಿಲ್ಲ, ಗಿರಣ್ಯಾಗ ಹಿಡಿತೈತಿ, ಗಿರಣಿ ಸಪ್ಪಳದಾಗ ಪಾಠ ಕೇಳಂಗಿಲ್ಲ, ಅದಕ್ಕ. ಮಂದಿ ಜ್ವಾಳದ ಡಬ್ಬಿ ಹಿಡಕೊಂಡು ಬಿಸಲಾಗ ನಿಂತಿರ್ತಿದ್ರು. ಸೊಸಿ ಪಾಠ ಕೇಳಾಕತ್ತಾಳ, ಯಾರೂ ಮಾತಾಡಬ್ಯಾಡ್ರಿ ಅಂತಿದ್ದೆ. ಮುದುಕರು ಸೈತ ಪಿಸಪಿಸ ಅಂತಿದ್ರು.” ಆಮೇಲೆ ಕೇಳಿದಳು: “ನೀವು ಬಾಗಿಲಾನ ತಗೀಲಿಲ್ಲೇನ್ರಿ?”

 

ಸೊಸೆ ಚೀಲದಿಂದ ಇನ್ನೇನನ್ನೋ ತೆಗೆದು ಮೇಜಿನ ಮೇಲಿಟ್ಟಳು. ಹಳೆಯ ನೋಟ್‌ಬುಕ್ಕಿನ ಹಾಳೆಯಲ್ಲಿ ಕಟ್ಟಿದ ಸಣ್ಣ ಪೊಟ್ಟಣಗಳು, ಹದಿನಾಲ್ಕು. ಪ್ರತಿಯೊಂದರ ಮೇಲೂ ಒಂದೊಂದು ಹಳ್ಳಿಯ ಹೆಸರು. ಮೊದಲ ದಿನ ಕೊಟ್ಟ ಮನೆಗೆಲಸವನ್ನು ನಾನೇ ಮರೆತಿದ್ದೆ. ಬೀಸಲು ಬಂದ ಜೋಳದ ಚೀಲಗಳ ತಳದಲ್ಲಿ ಉಳಿದ ಮಣ್ಣನ್ನು ಜರಡಿ ಹಿಡಿದು, ಯಾವ ಊರಿನ ಚೀಲವೆಂದು ಕೇಳಿ, ಬೇರೆ ಬೇರೆ ಕಟ್ಟಿದ್ದಳು. ಎರೆಯ ಮಣ್ಣು ಬೆರಳಿಗೆ ಹೇಗೆ ಅಂಟುತ್ತದೆ, ಮಸಾರಿಯ ಕೆಂಪು ಮಣ್ಣು ಹೇಗೆ ಉದುರುತ್ತದೆ, ಯಾವ ನೆಲದ ಜೋಳದ ಹಿಟ್ಟು ರೊಟ್ಟಿ ತಟ್ಟುವಾಗ ಹೆಚ್ಚು ನೀರು ಕುಡಿಯುತ್ತದೆ, ಎಲ್ಲ ಬರೆದಿದ್ದಳು. ಕೊನೆಯವರೆಗೂ ಬೇರೆ ಯಾವ ವಿದ್ಯಾರ್ಥಿಯೂ ಎರಡು ಊರಿಗಿಂತ ಹೆಚ್ಚಿನ ಮಣ್ಣು ತರಲಿಲ್ಲ. ಈ ಹುಡುಗಿಗಾಗಿಯೇ ನಾನು ಆ ಕೋರ್ಸು ಕಟ್ಟಿದ್ದೆ. ಅವಳನ್ನೇ ಹೆಚ್ಚುಕಡಿಮೆ ಎರಡು ತಿಂಗಳು ಬಾಗಿಲಲ್ಲಿ ನಿಲ್ಲಿಸಿದ್ದೆ.

ಅವಳಿಗೆ ಡಿಗ್ರಿಗೆ ಉಳಿದಿದ್ದುದು ಆ ಒಂದು ಸೆಮಿಸ್ಟರ್. ಮದುವೆಯಾದ ಮೇಲೆ ಬಿಟ್ಟಿದ್ದ ಓದನ್ನು ಮತ್ತೆ ಶುರುಮಾಡಿಸಿದವಳು ಅತ್ತೆ. ಸೊಸೆಯ ಗಂಡನಿಗೂ ಮೈದುನರಿಗೂ ಇಷ್ಟವಿರಲಿಲ್ಲ. ‘ಒಂದು ಸಲ ನಪಾಸಾದ್ರ ನಾ ಮತ್ತ ಮಾತಾಡಂಗಿಲ್ಲ’ ಎಂದು ಅವರೆಲ್ಲರ ಮುಂದೆ ಮಾತು ಕೊಟ್ಟಿದ್ದಳು. ಹಾಲ್ ಟಿಕೆಟ್ ಬರಲಿಲ್ಲವೆಂದರೆ ಮುಂದಿನ ವರ್ಷ ಎನ್ನುವುದು ಆ ಮನೆಯಲ್ಲಿ ಇರಲಿಲ್ಲ.

ನೆಟ್ಟಗೆ ಪ್ರಾಂಶುಪಾಲರ ಕೋಣೆಗೆ ಹೋದೆ. ಅವರು ಶಾಂತ ಸ್ವಭಾವದವರು, ಅದಕ್ಕೇ ನನಗೆ ಅವರನ್ನು ಕಂಡರೆ ಆಗುವುದಿಲ್ಲ. ಎಲ್ಲ ಕೇಳಿ ಕನ್ನಡಕ ಒರೆಸಿಕೊಂಡರು.

“ನೆಟ್‌ವರ್ಕ್ ತೊಂದರಿ ಇತ್ತು, ಹಾಜರಿ ಬಿದ್ದಿಲ್ಲ ಅಂತ ಬರದು ಕೊಡ್ರಿ ಮೇಡಂ. ಎಲ್ಲಾರೂ ಹಂಗ ಬರೀತಾರ. ನೆಟ್‌ವರ್ಕಿಗೆ ಯಾರೂ ನೋಟಿಸ್ ಕೊಡಂಗಿಲ್ಲ.”

ಸತ್ಯ ಹೇಳುತ್ತೇನೆ, ನಾನು ಹಾಗೇ ಬರೆದುಕೊಟ್ಟೆ. ಸಮಾಧಾನವೂ ಆಯಿತು. ನಾಲ್ಕನೆಯ ದಿನ ಮೇಲಿನ ಕಚೇರಿಯಿಂದ ಪತ್ರ ವಾಪಸ್ ಬಂತು. ನೆಟ್‌ವರ್ಕಿನ ಪತ್ರಗಳು ಎಲ್ಲ ಕಡೆಯಿಂದ ರಾಶಿ ಬಿದ್ದಿವೆ. ವಿದ್ಯಾರ್ಥಿ ಇಂಥ ದಿನ, ಇಂಥ ವೇಳೆಗೆ ತರಗತಿಗೆ ಬಂದಿದ್ದಾಳೆ ಎಂಬುದಕ್ಕೆ ತಾರೀಖುವಾರು ಪುರಾವೆ ಇದ್ದರೆ ಮಾತ್ರ ಪರಿಗಣಿಸುತ್ತೇವೆ ಎಂದಿದ್ದರು. ಕಂಪ್ಯೂಟರಿನ ಹಾಜರಿಯಲ್ಲಿ ಒಳಗೆ ಬಂದವರ ಹೆಸರಷ್ಟೇ ಇತ್ತು. ಬಾಗಿಲಲ್ಲಿ ನಿಂತವರ ಲೆಕ್ಕ ಯಾರು ಇಡುತ್ತಾರೆ?

ನಾನು ಇಟ್ಟಿದ್ದೆ. ಮೂವತ್ತೊಂಬತ್ತು ಸಾಲು, ಕೆಂಪು ಗೆರೆಯ ಸಮೇತ.

ಡೈರಿಯ ಪುಟಗಳನ್ನು ಜೆರಾಕ್ಸ್ ಮಾಡಿಸಲು ಹೋದಾಗ ಅಂಗಡಿಯವನು ‘ನಾಚಿಕೆಗೆಟ್ಟವನು’ ಎಂಬುದನ್ನು ಓದಿ ನನ್ನ ಮುಖ ನೋಡಿದ. ನೋಡಿದರೆ ನೋಡಲಿ ಎಂದುಕೊಂಡೆ. ಹೊಸ ಪತ್ರದಲ್ಲಿ ನೆಟ್‌ವರ್ಕಿನ ಸುದ್ದಿ ಇರಲಿಲ್ಲ. ‘ಈ ವಿದ್ಯಾರ್ಥಿನಿ ಪ್ರತಿದಿನ ಎಲ್ಲರಿಗಿಂತ ಮೊದಲು ಬಂದಿದ್ದಾಳೆ. ಒಳಗೆ ಬಿಡದವಳು ನಾನು. ತಪ್ಪು ನನ್ನದು’ ಎಂದು ಬರೆದು ಸಹಿ ಮಾಡಿದೆ. ಈ ಬಾರಿ ಸಹಿಗೆ ಮುಂಚೆ ಎರಡು ಸಲ ಓದಿದ್ದೆ. ಪ್ರಾಂಶುಪಾಲರು ಓದಿ, “ನಿಮ್ಮ ಮೈಮ್ಯಾಲ ಯಾಕ ಎಳಕೋತೀರಿ” ಎಂದರು. ನೀವು ಮುಂದಕ್ಕೆ ಕಳಿಸದಿದ್ದರೆ ನಾನೇ ಬಸ್ಸು ಹತ್ತಿ ಹೋಗಿ ಕೊಡುತ್ತೇನೆಂದು ಕೂಗಾಡಿದೆ. ಆ ಕೂಗಾಟದ ಬಗ್ಗೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಉಳಿದ ವಾರಗಳಲ್ಲಿ ಕೋರ್ಸನ್ನು ಬಿಚ್ಚಿ ಮತ್ತೆ ಹೊಲಿದೆ. ಬಾಗಿಲು ಕಾಯುವುದನ್ನು ನಿಲ್ಲಿಸಿದೆ. ಹತ್ತು ಹತ್ತು ನಿಮಿಷದ ಪಾಠವನ್ನು ದನಿ ಮುದ್ರಿಸಿ ಕಳಿಸಿದೆ, ಕರೆಂಟ್ ಇದ್ದಾಗ, ಫೋನ್ ಮನೆಗೆ ಬಂದಾಗ, ನಾಟಿ ಮುಗಿಸಿ ಬಂದಾಗ ಕೇಳಿಕೊಳ್ಳಲಿ ಎಂದು. ಎಲ್ಲರೂ ಕೂಡುವ ಕ್ಲಾಸು ವಾರಕ್ಕೆ ಎರಡೇ. ಅದರಲ್ಲಿ ಮತ್ತೆ ಹೆಸರು ಕೂಗಿ ದನಿ ಕೇಳಿ ಹಾಜರಿ ಹಾಕಿದೆ; ಫೋನಿನ ಮೇಲೆ ಯಾವ ಹೆಸರಾದರೂ ಇರಲಿ. ಪ್ರತಿಯೊಬ್ಬರಿಗೂ ಅದು ಯಾರ ಫೋನು ಎಂದು ಕೇಳಿದೆ. ಕೋರ್ಸು ಶುರುವಾಗುವ ಮೊದಲು ಕೇಳಬೇಕಿದ್ದ ಪ್ರಶ್ನೆ ಅದೊಂದೇ. ‘ಡ್ರೈವರ್ ಗ್ಯಾಂಗ್’ ಎಂಬುದೂ ನಮ್ಮದೇ ಒಬ್ಬ ಹುಡುಗ, ಅಣ್ಣನ ಫೋನು ತಂದಿದ್ದವನು. ಹೆದರಿ ಗೆಳೆಯನ ಮನೆಯಲ್ಲಿ ಕೂತು, ಅಲ್ಲಿಯ ಇನ್ನೊಂದು ಫೋನಿನಲ್ಲಿ ತನ್ನ ಹೆಸರು ಹಾಕಿಕೊಂಡು ಪಾಠ ಕೇಳುತ್ತಿದ್ದ. ಅವನನ್ನು ಬೈದದ್ದೂ ನನ್ನ ಡೈರಿಯಲ್ಲಿತ್ತು.

ಪರೀಕ್ಷೆಯ ಹಿಂದಿನ ದಿನ ಹಾಲ್ ಟಿಕೆಟ್ ಬಂತು. ಅದೇ ಟಪಾಲಿನಲ್ಲಿ ನನಗೊಂದು ಕಾರಣ ಕೇಳುವ ನೋಟಿಸೂ ಬಂತು. ನಾಲ್ಕು ಕಾಲೇಜಿಗೆ ಒಬ್ಬಳನ್ನು ಹಾಕಿದವರಿಗೆ ಕಾರಣ ಕೇಳುವವರು ಯಾರೆಂದು ಉತ್ತರದಲ್ಲಿ ಬರೆದೆ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಪರೀಕ್ಷೆಯ ದಿನ ಅತ್ತೆ ಸೊಸೆಯ ಜೊತೆ ಬಂದಿದ್ದಳು. ಸೊಸೆ ಒಳಗೆ ಹೋದ ಮೇಲೆ ಗೇಟಿನ ಹೊರಗೆ, ಬೇವಿನ ಗಿಡದ ಬುಡದಲ್ಲಿ ಕೂತಳು. ನನಗೆ ಆ ಹೊತ್ತು ಕೆಲಸವಿರಲಿಲ್ಲ. ಅವಳ ಹತ್ತಿರ ಹೋದೆ. ಇಷ್ಟು ದಿನದಲ್ಲಿ ನಾನು ಅವಳಿಗೆ ತಪ್ಪಾಯಿತು ಎಂದಿರಲಿಲ್ಲ. ಪತ್ರದಲ್ಲಿ ಬರೆದಷ್ಟು ಸಲೀಸಾಗಿ ಬಾಯಲ್ಲಿ ಬರುತ್ತಿರಲಿಲ್ಲ.

“ಬಿಸಿಲು ಭಾಳ ಐತ್ರಿ. ಒಳಗ ಬರ್ರಿ, ಸ್ಟಾಫ್ ರೂಮಿನಾಗ ಫ್ಯಾನ್ ಐತಿ” ಎಂದೆ.

“ಇವತ್ತು ಗಿರಣಿ ಬಂದ್ ರಿ” ಎಂದಳು, ನಾನು ಕೇಳದಿದ್ದರೂ. ಆಮೇಲೆ ನನ್ನ ಮುಖ ನೋಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಇರ್ಲಿ ಬಿಡ್ರಿ ಅಕ್ಕಾರ. ಬಾಗಿಲಾಗ ಕೂತು ಕಾಯೋದು ನಮ್ಮ ಮನ್ಯಾಗ ರೂಢಿ ಆಗೇತಿ.”

ನಾನು ಒಳಗೆ ಹೋಗಿ ಒಂದು ಕುರ್ಚಿ ಹೊತ್ತು ತಂದೆ. ಅವಳು ಕುರ್ಚಿಯ ಮೇಲೆ ಕೂರಲಿಲ್ಲ, ನೆಲದ ಮೇಲೇ ಇದ್ದಳು. ಕುರ್ಚಿಯನ್ನು ಅಲ್ಲೇ ಬಿಟ್ಟು ನಾನೂ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಪರೀಕ್ಷೆ ಮುಗಿದ ಗಂಟೆ ಹೊಡೆಯುವವರೆಗೂ ಇಬ್ಬರೂ ಮುಚ್ಚಿದ ಗೇಟನ್ನು ನೋಡುತ್ತ ಕೂತಿದ್ದೆವು.